ಹಳೆಯ ಸೈನ್ಯದ ಕೋವಿಗೆ ಹೊಳಪು ಬೇಡ, ಮೊದಲು ಉಪ್ಪು ತೆಗೆಯಿರಿ

ಕರಾವಳಿಯ ಹಳೆಯ ಮನೆಗಳಲ್ಲಿ ಉಳಿದಿರುವ ಬ್ರಿಟಿಷ್ ಸೈನ್ಯದ ಕೋವಿಗಳನ್ನು ಹಾಳು ಮಾಡುತ್ತಿರುವುದು ಅವುಗಳ ವಯಸ್ಸಲ್ಲ. ಗ್ರೈಂಡರ್, ತೆಂಗಿನೆಣ್ಣೆ ಮತ್ತು ವಾರ್ನಿಷ್. ನೂರೈವತ್ತು ಮಳೆಗಾಲ ಕಂಡು ಉಳಿದ ವಸ್ತು ಒಂದೇ ಮಧ್ಯಾಹ್ನದಲ್ಲಿ ಬಫಿಂಗ್ ಚಕ್ರಕ್ಕೆ ಸಿಕ್ಕಿ ಸ್ಟೀಲ್ ಪೈಪಿನಂತಾಗಿ ಬರುತ್ತದೆ. "ರಿಪೇರಿ ಮಾಡಿಸಿದ್ದು, ಹೇಗುಂಟು?" ಎಂದು ಅದರ ಫೋಟೋ ಹಾಕುತ್ತಾರೆ. ಅದರ ಮೇಲಿದ್ದ ಮುದ್ರೆ, ಇಸವಿ, ಅಕ್ಷರ ಎಲ್ಲ ಅಷ್ಟರಲ್ಲಿ ಹೋಗಿರುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ಊರಿನಲ್ಲಿ ಹಳೆಯ ಕೋವಿಯ ಜೀರ್ಣೋದ್ಧಾರ ಎಂದರೆ ಉಪ್ಪು ತೆಗೆಯುವುದು, ತೇವ ತಡೆಯುವುದು, ಉಳಿದದ್ದನ್ನು ಇದ್ದ ಹಾಗೆ ಬಿಡುವುದು. ಗುಂಡು ಹಾರುವ ಹಾಗೆ ಮಾಡುವುದು ಈ ಹವ್ಯಾಸದ ಭಾಗವೇ ಅಲ್ಲ.

ಮೊದಲು ಕಾನೂನು, ಯಾಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. "ಅಜ್ಜನ ಕಾಲದ್ದು, ಅದಕ್ಕೆಂಥ ಲೈಸೆನ್ಸು?" ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುವುದು ಬರೀ ಹಳತಾದದ್ದಕ್ಕಲ್ಲ. ರಿಪೇರಿ ಮಾಡಿದರೂ ಕೋವಿಯಾಗಿ ಬಳಸಲು ಬಾರದ ಸ್ಥಿತಿಯಲ್ಲಿ ಅದು ಇರಬೇಕು. ಸ್ವಲ್ಪ ಕೆಲಸ ಮಾಡಿದರೆ ಹಾರೀತು ಎಂಬಂತಿದ್ದರೆ ಪರವಾನಿಗೆ ಬೇಕೇ ಬೇಕು. ಪರವಾನಿಗೆದಾರರು ತೀರಿಕೊಂಡಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಿ ಅದು ಇತ್ಯರ್ಥವಾದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ ಎನ್ನುವುದೂ ನೆನಪಿರಲಿ. ಇನ್ನೊಂದು: ಒರೆಸುವುದು, ಮರಕ್ಕೆ ಎಣ್ಣೆ ಕೊಡುವುದು ಮಾಲೀಕರ ಕೆಲಸ. ಸ್ಪ್ರಿಂಗು, ಟ್ರಿಗರ್, ಲಾಕಿನ (ಮದ್ದಿಗೆ ಕಿಡಿ ಕೊಡುವ ಯಂತ್ರದ) ಹಲ್ಲು, ನಳಿಗೆಯ ಬಿರುಕು ಇವೆಲ್ಲ ಪರವಾನಿಗೆ ಇರುವ ಕೋವಿ ರಿಪೇರಿಯವರ ಕೆಲಸ. ಕೋವಿ ರಿಪೇರಿಗೆ ಬೇರೆಯೇ ಪರವಾನಿಗೆ ಉಂಟು, ಮನೆಯ ವರ್ಕ್‌ಶಾಪಿಗೆ ಅದಿಲ್ಲ. ನಂಬರು ಅಳಿಸಿದ ಕೋವಿ ಇಟ್ಟುಕೊಳ್ಳುವುದೂ ಅಪರಾಧ. ಗ್ರೈಂಡರ್ ಬೇಡ ಎನ್ನಲು ಇದೊಂದು ಕಾರಣವೇ ಸಾಕು.

ಕೈಯಲ್ಲಿರುವುದು ಯಾವುದು ಎಂದು ಗುರುತಿಸುವುದು ಮುಂದಿನ ಹೆಜ್ಜೆ. ಇಲ್ಲಿ ಪ್ರತಿ ಹಳೆಯ ಕೋವಿಗೂ ಟಿಪ್ಪುವಿನ ಕಥೆಯೋ ಬ್ರಿಟಿಷರ ವಿರುದ್ಧದ ಅಮರ ಸುಳ್ಯ ದಂಗೆಯ ಕಥೆಯೋ ಅಂಟಿಕೊಂಡಿರುತ್ತದೆ. ಕಥೆಗಿಂತ ಲಾಕಿನ ತಗಡನ್ನು ನೋಡಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕೇಪು (ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ) ಹೊಡೆಯುವ ಕೋವಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1840ರ ಆಸುಪಾಸಿನಲ್ಲಿ. ಅಮರ ಸುಳ್ಯದ ದಂಗೆಕೋರರ ಬಾವುಟ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಹಾರಿದ್ದು 1837ರ ಏಪ್ರಿಲ್‌ನಲ್ಲಿ. ಹಾಗಾಗಿ ಕೇಪಿನ ಕೋವಿ ಈ ಎರಡೂ ಕಥೆಗೆ ಹೊಂದುವುದು ಕಷ್ಟ. ಒಂದು ಅಪವಾದ ಉಂಟು: ಚಕಮಕಿ ಕಲ್ಲಿನ ಕೋವಿಯನ್ನು ಆಮೇಲೆ ಕೇಪಿಗೆ ಬದಲಾಯಿಸಿದ್ದರೆ ಲಾಕಿನ ತಗಡಿನಲ್ಲಿ ಹಳೆಯ ಸ್ಕ್ರೂ ತೂತುಗಳನ್ನು ಮುಚ್ಚಿದ ಗುರುತು ಕಾಣುತ್ತದೆ. ಇನ್ನು 1853ರ ಮಾದರಿಯ ಎನ್‌ಫೀಲ್ಡ್ ಆದರೆ ಒಟ್ಟು ಉದ್ದ 55 ಇಂಚು, ನಳಿಗೆ 39 ಇಂಚು, ನಳಿಗೆಯನ್ನು ಮರಕ್ಕೆ ಕಟ್ಟುವ ಕಬ್ಬಿಣದ ಪಟ್ಟಿ ಮೂರು. ಒಳವ್ಯಾಸ 0.577 ಇಂಚು, ಒಳಗೆ ಸುರುಳಿ ಗೆರೆ. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆ ಕೊಟ್ಟದ್ದು ಹೊರಗಿನಿಂದ ಹೆಚ್ಚುಕಡಿಮೆ ಹೀಗೆಯೇ ಕಾಣುವ, ಒಳಗೆ ಗೆರೆ ಇಲ್ಲದ ನಯ ನಳಿಗೆಯ ಮಸ್ಕೆಟ್. ಕಿರೀಟ, ಇಸವಿ, 'ಟವರ್' ಎಂಬ ಅಕ್ಷರ, ಅಥವಾ ಕಿರೀಟ ಹಿಡಿದು ನಿಂತ ಈಸ್ಟ್ ಇಂಡಿಯಾ ಕಂಪನಿಯ ಸಿಂಹ, ಇವು ಕಂಡರೆ ಓರೆ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಕೆಲಸ ಶುರುವಾದ ಮೇಲೆ ಆ ಫೋಟೋವೇ ಆಧಾರ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬಾಯಿಯಿಂದ ಮದ್ದು ತುಂಬುವ ಕೋವಿ ಅಟ್ಟದಲ್ಲಿ ಐವತ್ತು ವರ್ಷ ಇದ್ದರೂ ಒಳಗೆ ಮದ್ದು ಮತ್ತು ಚರೆ ಹಾಗೆಯೇ ಇರಬಹುದು. ಒಣಗಿದ್ದರೆ ಕರಿಮದ್ದು ಕೆಡುವುದಿಲ್ಲ. ಪರೀಕ್ಷೆ ಸುಲಭ: ನಳಿಗೆಯ ಬಾಯಿ ನಿಮ್ಮಿಂದ ಆಚೆ ಇರಲಿ. ಒಂದು ಮರದ ಕೋಲನ್ನು ಮೆಲ್ಲ ಒಳಗಿಳಿಸಿ, ನಿಂತಲ್ಲಿ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಅದೇ ಕೋಲನ್ನು ಹೊರಗಿನಿಂದ ನಳಿಗೆಯ ಪಕ್ಕ ಹಿಡಿದರೆ ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ಅಲ್ಲಿಗೆ ತಲುಪದೆ ಒಂದು ಇಂಚಿಗಿಂತ ಹೆಚ್ಚು ಮೊದಲೇ ನಿಂತರೆ ಒಳಗೆ ಏನೋ ಉಂಟು ಎಂದರ್ಥ. ಅದನ್ನು ಕೆದಕಲು ಹೋಗಬೇಡಿ, ಬಿಸಿ ತೋರಿಸಬೇಡಿ, ಕೇಪಿನ ಜಾಗಕ್ಕೆ ಬಡಿಯಬೇಡಿ. ನೇರವಾಗಿ ಪರವಾನಿಗೆ ಇರುವ ರಿಪೇರಿಯವರನ್ನು ಕರೆಸಿ.

ಖಾಲಿ ಎಂದು ಖಾತ್ರಿಯಾದ ಮೇಲೆ ಬಿಚ್ಚುವುದು. ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯ ಆಕಾರದ್ದು, ಹಳೆಯ ಸ್ಕ್ರೂಗಳ ಸೀಳು ಕಿರಿದು ಮತ್ತು ನೇರ. ಬೆಣೆ ಜಾರಿ ತಲೆ ಕಿತ್ತುಹೋಗುತ್ತದೆ. ತುದಿಯನ್ನು ಅರದಿಂದ ಉಜ್ಜಿ, ಸೀಳಿಗೆ ಅಲುಗಾಡದೆ ಕೂರುವಷ್ಟು ಸಮತಟ್ಟು ಮಾಡಿಕೊಳ್ಳಿ. ಬಾರದ ಸ್ಕ್ರೂಗೆ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ದಿನಕ್ಕೆರಡು ಹನಿಯಂತೆ ಮೂರು ದಿನ ಬಿಡಿ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಸಡಿಲಿಸಿ. ಲಾಕು ತೆಗೆಯುವಾಗ ಕೇಪಿಗೆ ಬಡಿಯುವ ಹ್ಯಾಮರ್ ಅರ್ಧ ಎತ್ತಿದ ಸ್ಥಿತಿಯಲ್ಲಿರಲಿ. ಎಡಬದಿಯ ಎರಡು ಸ್ಕ್ರೂಗಳನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಬಿಚ್ಚಿ, ಅವುಗಳ ತಲೆಗೆ ಮರದ ಸುತ್ತಿಗೆಯಿಂದ ಒಂದಾದ ಮೇಲೊಂದು ಮೆಲ್ಲ ತಟ್ಟಿದರೆ ಲಾಕು ಸಮವಾಗಿ ಮೇಲೆ ಬರುತ್ತದೆ. ಒಂದು ಬದಿಯಿಂದ ಮೀಟಿದರೆ ಅಂಚಿನ ಮರ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಮುಕ್ಕಾಲು ಪಾಲು ಕೋವಿಗಳ ಕಥೆ ಇಷ್ಟೇ.

ಇನ್ನು ಉಪ್ಪು. ಕರಿಮದ್ದು ಸುಟ್ಟ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ಕಾಲದ ಕೇಪಿನ ರಾಸಾಯನಿಕ ಸುಟ್ಟರೆ ಪೊಟ್ಯಾಸಿಯಮ್ ಕ್ಲೋರೈಡ್ ಉಳಿಯುತ್ತದೆ, ಅದು ಅಡುಗೆ ಉಪ್ಪಿನ ಅಣ್ಣನೇ. ಮೇಲಿಂದ ಪಣಂಬೂರು, ಮಲ್ಪೆ ಕಡೆಯ ಕಡಲ ಗಾಳಿ, ಕೈಬೆವರು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಇಷ್ಟು ಗೊತ್ತಿಲ್ಲದೆ ವರ್ಷ ವರ್ಷ ಎಣ್ಣೆ ಸುರಿದವರ ಕೋವಿಯ ಒಳಗೆ ತುಕ್ಕು ಎಣ್ಣೆಯ ಅಡಿಯಲ್ಲೇ ಬೆಳೆದಿರುತ್ತದೆ. ಆದ್ದರಿಂದ ಮರದಿಂದ ಬೇರ್ಪಡಿಸಿದ ನಳಿಗೆಯನ್ನು ಬಿಸಿ ನೀರಿನಿಂದ ತೊಳೆಯಿರಿ, ಹೆದರಬೇಡಿ. ಬಾವಿ ನೀರು ಬೇಡ, ಕಡಲ ಬದಿಯ ಬಾವಿಯಲ್ಲಂತೂ ಉಪ್ಪೇ ಇರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ. ಕೊನೆಯ ತೊಳೆಯುವ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣ ಎರಡು ಹನಿ ಹಾಕಿ. ಬಿಳಿ ಮಂಜು ಕಟ್ಟಿದರೆ ಉಪ್ಪು ಇನ್ನೂ ಉಂಟು, ತಿಳಿಯಾಗಿದ್ದರೆ ಸಾಕು.

ಹೊರಮೈಯಲ್ಲಿ ಕೆಂಪು ಪುಡಿಯಾಗಿ ಕೈಗೆ ಹತ್ತುವುದು ಜೀವಂತ ತುಕ್ಕು. ಕಂದುಗಪ್ಪಾಗಿ ಗಟ್ಟಿ ಕೂತದ್ದು ರಕ್ಷಣೆ ಕೊಡುವ ಪದರ, ಅದನ್ನು ಮುಟ್ಟಬೇಡಿ. ಕೆಂಪನ್ನು ಕಪ್ಪಾಗಿಸಲು ಕುದಿಸುವ ವಿಧಾನಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 42 ಇಂಚು ಉದ್ದ, 3 ಇಂಚು ಅಗಲ, 3 ಇಂಚು ಆಳದ ಸ್ಟೀಲ್ ತೊಟ್ಟಿಯನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ. ಸುಮಾರು 5 ಲೀಟರ್ ಡಿಸ್ಟಿಲ್ಡ್ ನೀರು ಹಾಕಿ ಎರಡು ಬರ್ನರಿನ ಮೇಲೆ ಕುದಿಸಿ. ನಳಿಗೆಯ ಎಣ್ಣೆ ಜಿಡ್ಡನ್ನು ಅಸಿಟೋನ್‌ನಿಂದ ಪೂರ್ತಿ ತೆಗೆದು, ಅದು ಆರಿದ ಮೇಲೆ, ಒಲೆಯಿಂದ ದೂರದಲ್ಲೇ ಆರಿಸಿ, ನೀರಿಗಿಳಿಸಿ 20ರಿಂದ 30 ನಿಮಿಷ ಬಿಡಿ. ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ತಿರುಗುತ್ತದೆ. ಹೊರತೆಗೆದು ಒಣಗಿಸಿ, ಜಿಡ್ಡಿಲ್ಲದ ನಾಲ್ಕು ಸೊನ್ನೆಯ (0000, ಅತಿ ನಯದ) ಸ್ಟೀಲ್ ವುಲ್‌ನಿಂದ ಹಗುರಕ್ಕೆ ಒರೆಸಿದರೆ ಸಡಿಲ ಪುಡಿ ಹೋಗಿ ಅಡಿಯ ಕಪ್ಪು ಉಳಿಯುತ್ತದೆ. ಎರಡು ಮೂರು ಸಲ ಬೇಕಾದೀತು. ಜಿಡ್ಡು ಉಳಿದಿದ್ದರೆ ಅಲ್ಲಲ್ಲಿ ಪಟ್ಟೆ ಬೀಳುತ್ತದೆ, ಕಾರಣ ಬೇರೇನಲ್ಲ.

ಟಾಯ್ಲೆಟ್ ಕ್ಲೀನರ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಇಷ್ಟು ಹೊತ್ತು ತೆಗೆದ ಕ್ಲೋರೈಡನ್ನೇ ಕಬ್ಬಿಣದ ರಂಧ್ರಕ್ಕೆ ಮತ್ತೆ ತುಂಬಿದ ಹಾಗೆ. ವಾಷಿಂಗ್ ಸೋಡಾ ಮತ್ತು ಬ್ಯಾಟರಿ ಚಾರ್ಜರಿನ ವಿದ್ಯುತ್ ವಿಧಾನವೂ ಉಂಟು. ಆದರೆ ಅದು ಒಳ್ಳೆಯ ಕಪ್ಪು ಪದರವನ್ನೂ ಸಡಿಲಿಸಿಬಿಡುತ್ತದೆ. ಸ್ಪ್ರಿಂಗುಗಳನ್ನು ಅದರಲ್ಲಿ ಹಾಕಲೇಬಾರದು, ಹೈಡ್ರೋಜನ್ ಹೊಕ್ಕು ಉಕ್ಕು ಪೆಡಸಾಗಿ ಮುರಿಯುತ್ತದೆ. ಹಿತ್ತಾಳೆಯ ಬುಡದ ತಗಡಿಗೆ ಹುಣಸೆಹುಳಿಯೂ ಬೇಡ, ಸೀಮೆಸುಣ್ಣದ ನುಣ್ಣನೆ ಪುಡಿ ಮತ್ತು ಸ್ಪಿರಿಟ್ ಸಾಕು.

ಮರಕ್ಕೆ ಬರೋಣ, ನಿಜವಾದ ತಾಳ್ಮೆ ಬೇಕಾದದ್ದು ಇಲ್ಲಿ. ಸೈನ್ಯದ ಕೋವಿಯ ಮರ ಹೆಚ್ಚಾಗಿ ವಾಲ್ನಟ್. ಮುರಿದ ಮೇಲೆ ಊರ ಆಚಾರಿಗಳು ಹಲಸಿನಲ್ಲೋ ಸಾಗುವಾನಿಯಲ್ಲೋ ಮಾಡಿಕೊಟ್ಟ ಭಾಗವಿದ್ದರೆ ಅದನ್ನು ಕಿತ್ತೆಸೆಯಬೇಡಿ, ಅದೂ ಆ ಕೋವಿಯ ಚರಿತ್ರೆಯೇ. ಸ್ಯಾಂಡ್‌ಪೇಪರ್ ಪೂರ್ತಿ ನಿಷಿದ್ಧ. ಉಜ್ಜಿದರೆ ಮರ ಲೋಹಕ್ಕಿಂತ ತಗ್ಗಿ, ಲಾಕಿನ ತಗಡು ಎದ್ದು ನಿಂತಂತೆ ಕಾಣುತ್ತದೆ. ಮರದ ಮೇಲಿನ ಮುದ್ರೆಯೂ ಹೋಗುತ್ತದೆ. ಲಾಕಿನ ಸುತ್ತ ಎಣ್ಣೆ ಕುಡಿದು ಕಪ್ಪಾದ ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಅರ್ಧ ಇಂಚು ದಪ್ಪ ಮೆತ್ತಿ. ಆರಿದಾಗ ಪುಡಿ ಕಂದಾಗಿರುತ್ತದೆ, ಕೊಡವಿ ಮತ್ತೆ ಮೆತ್ತಿ. ಬಿಳಿಯಾಗಿಯೇ ಉಳಿಯುವ ತನಕ ಮುಂದುವರಿಸಿ. ತಗ್ಗಿದ ಗುರುತುಗಳಿಗೆ ಒದ್ದೆ ಹತ್ತಿ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ಐದಾರು ಸೆಕೆಂಡು ಒತ್ತಿದರೆ ಹಬೆಗೆ ನಾರು ಉಬ್ಬಿ ಮೇಲೆ ಬರುತ್ತದೆ. ಕಿತ್ತುಹೋದ ಗುಳಿಗೆ ಇದರಿಂದ ಪ್ರಯೋಜನವಿಲ್ಲ. ಬಿರುಕಿಗೆ ಬಿಳಿ ಅಂಟಿನ ಬದಲು ಆಚಾರಿಗಳ ಹಳೆಯ ಸರೇಸು (ಪ್ರಾಣಿ ಚರ್ಮದಿಂದ ಮಾಡಿದ ಅಂಟು) ಒಳ್ಳೆಯದು, ಬೇಕಾದಾಗ ಬಿಸಿನೀರಿನಲ್ಲಿ ಬಿಡಿಸಬಹುದು. ಕುಟ್ಟೆ (ಮರ ಕೊರೆಯುವ ಹುಳ) ಹಿಡಿದು ಹಿಟ್ಟು ಉದುರುತ್ತಿದ್ದರೆ, ಬಿಡಿಸಿದ ಮರವನ್ನಷ್ಟೇ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಮನೆಯ ಫ್ರಿಜ್ಜಿಗೆ ಇಷ್ಟುದ್ದದ ಮರ ಹಿಡಿಸದು, ಆದರೆ ಮೀನಿನ ಕೋಲ್ಡ್ ಸ್ಟೋರೇಜ್ ಇರುವ ಊರು ನಮ್ಮದು. ಪರಿಚಯದವರನ್ನು ಕೇಳಿದರೆ ಮೂಲೆಯಲ್ಲಿ ಜಾಗ ಕೊಟ್ಟಾರು.

ತೆಂಗಿನೆಣ್ಣೆ ಒಣಗುವ ಎಣ್ಣೆ ಅಲ್ಲ. ಅದು ಧೂಳು ಹಿಡಿದು ಕಮಟಿ, ಆಟಿಯ ಮಳೆಗಾಲದಲ್ಲಿ ಬೂಷ್ಟು ಬರಿಸುತ್ತದೆ. ದೋಣಿಗೆ ಬಳಿಯುವ ಗೇರೆಣ್ಣೆ ಮರವನ್ನು ಶಾಶ್ವತವಾಗಿ ಕಪ್ಪು ಮಾಡುತ್ತದೆ, ಕೈಯನ್ನೂ ಸುಡುತ್ತದೆ. ಬೇಕಾದದ್ದು ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಎಂದು ಕೇಳಿ. ಮೊದಲ ಕೈಗೆ ಟರ್ಪೆಂಟೈನ್ ಸಮಪಾಲು ಬೆರೆಸಿ. ನಂತರದ ಮೂರ್ನಾಲ್ಕು ಕೈಗೆ ಬರೀ ಎಣ್ಣೆ, ಒಂದು ಸಲಕ್ಕೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಅಂಗೈಯಿಂದ ಬಿಸಿಯಾಗುವಷ್ಟು ತಿಕ್ಕಿ, 20 ನಿಮಿಷದಲ್ಲಿ ಮಿಕ್ಕದ್ದನ್ನು ಒರೆಸಿ. ಒರೆಸದೆ ಬಿಟ್ಟರೆ ಅಂಟಂಟಾಗಿಯೇ ಉಳಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಕೆಲಸ ಮಾಡಿ, ಜುಲೈಯಲ್ಲಿ ವಾರವಾದರೂ ಆರುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಮುಳುಗಿಸಿ ಅಥವಾ ಹೊರಗೆ ಹರಡಿ ಒಣಗಿಸಿ.

ಲೋಹಕ್ಕೆ ಕೊನೆಯ ರಕ್ಷಣೆ ಮೈಕ್ರೋಕ್ರಿಸ್ಟಲೈನ್ ಮೇಣ, ಅಂದರೆ ಪೆಟ್ರೋಲಿಯಂನಿಂದ ತೆಗೆದ ಸೂಕ್ಷ್ಮ ಹರಳಿನ ಮೇಣ. ನಳಿಗೆಯನ್ನು ಬಿಸಿಲಿನಲ್ಲಿಟ್ಟು ಕೈಗೆ ಚುರುಕೆನ್ನುವಷ್ಟು ಬೆಚ್ಚಗಾದಾಗ ತೆಳ್ಳಗೆ ಹಚ್ಚಿ. ಮರದೊಳಗೆ ಮರೆಯಾಗುವ ಅಡಿಭಾಗಕ್ಕೆ ಎರಡು ಕೈ ಹಚ್ಚಿ, ತುಕ್ಕು ಕಣ್ಣಿಗೆ ಕಾಣದೆ ಬೆಳೆಯುವುದು ಅಲ್ಲೇ. ಡಬ್ಲ್ಯೂಡಿ-40 ನೀರು ಓಡಿಸುವುದಕ್ಕೆ ಸರಿ, ಮಳೆಗಾಲ ದಾಟಿಸಲು ಅದರ ಪದರ ಸಾಲದು.

ಆಯುಧ ಪೂಜೆಯ ಬಗ್ಗೆ ಒಂದು ಮಾತು. ಕುಂಕುಮ, ಗಂಧ, ನಿಂಬೆರಸ, ಎಳನೀರು ಇವೆಲ್ಲ ಕಬ್ಬಿಣದ ಮೇಲೆ ಒಂದೇ ರಾತ್ರಿಯಲ್ಲಿ ಚುಕ್ಕೆ ಮೂಡಿಸುತ್ತವೆ. ಪೂಜೆ ಖಂಡಿತ ಮಾಡಿ. ಬಾಳೆಲೆಯ ಮೇಲಿಟ್ಟು, ಬೊಟ್ಟನ್ನು ಎಲೆಗೋ ಪರವಾನಿಗೆ ಪುಸ್ತಕದ ಹೊದಿಕೆಗೋ ಇಡಿ. ದೇವರು ಬೇಸರ ಮಾಡುವುದಿಲ್ಲ. ಹೂವನ್ನು ಅದೇ ಸಂಜೆ ತೆಗೆದು ಒಣ ಬಟ್ಟೆಯಿಂದ ಒರೆಸಿ.

ಇಡುವ ಜಾಗದಲ್ಲಿ ಗಾಳಿಯ ತೇವ ಶೇ 55 ದಾಟಬಾರದು. ನಮ್ಮ ಮಳೆಗಾಲದಲ್ಲಿ ಅದು ಶೇ 90ರ ಹತ್ತಿರ ಇರುತ್ತದೆ. ಚರ್ಮದ ಚೀಲ, ರೆಕ್ಸಿನ್ ಚೀಲ ಎರಡೂ ಬೇಡ, ತೇವ ಒಳಗೇ ನಿಲ್ಲುತ್ತದೆ. ಕೆಂಪುಕಲ್ಲಿನ ಗೋಡೆಗೆ ತಾಗಿಸಿ ನೇತು ಹಾಕಲೂ ಬೇಡ. ಬೀಗವಿರುವ ಸ್ಟೀಲ್ ಪೆಟ್ಟಿಗೆಯ ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿ, ಒಳಗೆ ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ಒಂದು ಡಿಜಿಟಲ್ ಹೈಗ್ರೋಮೀಟರ್ ಇಡಿ. ಹರಳು ಬಣ್ಣ ಬದಲಿಸಿದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು.

ಚುನಾವಣೆ ಬಂದಾಗ ಕೋವಿ ಠೇವಣಿ ಇಡಬೇಕಾದವರಿಗೆ ಇದು ಇನ್ನೂ ಮುಖ್ಯ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಎಣಿಕೆ ಮುಗಿದದ್ದು ಜೂನ್ 4ಕ್ಕೆ. ಕೊಡುವಾಗ ಬೇಸಿಗೆ, ವಾಪಸ್ ತರುವಾಗ ಮಳೆ. ಕೊಡುವ ಮೊದಲು ನಳಿಗೆಗೆ ಒಳಗೂ ಹೊರಗೂ ಮೇಣ ಹಚ್ಚಿ, ತುಕ್ಕು ತಡೆಯುವ ವಿಸಿಐ ಕಾಗದ ಸುತ್ತಿ, ಮೇಲೆ ಹತ್ತಿ ಬಟ್ಟೆ ಕಟ್ಟಿ. ಪ್ಲಾಸ್ಟಿಕ್ ಬೇಡ. ನಂಬರು ಕಾಣುವ ಹಾಗೆ ಫೋಟೋ ತೆಗೆದು, ರಶೀದಿಯಲ್ಲಿ ಅದೇ ನಂಬರು ಬಿದ್ದಿದೆಯೇ ನೋಡಿಕೊಳ್ಳಿ. ವಾಪಸ್ ತಂದ ದಿನವೇ ಮತ್ತೊಮ್ಮೆ ಮರದ ಕೋಲು ಇಳಿಸಿ ಖಾಲಿ ಇದೆಯೇ ಎಂದು ಪರೀಕ್ಷಿಸಿ, ನಳಿಗೆಯನ್ನು ಮರದಿಂದ ಬಿಡಿಸಿ ಅಡಿಭಾಗ ನೋಡಿ. ಕೆಂಪು ಚುಕ್ಕೆ ಕಂಡರೆ ಡಿಸ್ಟಿಲ್ಡ್ ನೀರಿನಿಂದಲೇ ಮತ್ತೆ ಶುರು ಮಾಡಿ, ಎಣ್ಣೆಯಿಂದಲ್ಲ.