ಬ್ಯಾಲೆಟ್‌ನ ಕೊನೆಯ ಸಾಲು

ನಿನ್ನೆ ಗೆಳೆಯನ ಮನೆಯಲ್ಲಿ ಬಿಸಿಬೇಳೆಬಾತ್ ತಿನ್ನುತ್ತಾ ಕೂತಿದ್ದೆವು. ಒಬ್ಬ ಮಾದರಿ ಬ್ಯಾಲೆಟ್ ತೆರೆದು, ಕೊನೆಯ ಸಾಲು ಓದಿ ನಗಾಡಿದ. "ಮಣ್ಣು ಕಾಯೋಕೂ ಎಲೆಕ್ಷನ್ನಾ? ಇದನ್ನ ಮುಚ್ಚಿಸೋಕೆ ಎಲ್ಲಿ ಸೈನ್ ಹಾಕ್ಬೇಕು ಹೇಳ್ರೋ!" ಎಲ್ಲರೂ ನಕ್ಕರು. ನನಗೆ ಖಾರ ನೆತ್ತಿಗೇರಿತು, ಬಾತಿನದ್ದಲ್ಲ.

ನಾವಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಇಲ್ಲಿ 99 ಕೌಂಟಿ (ನಮ್ಮ ಜಿಲ್ಲೆಗಳ ಥರ), ಮಣ್ಣು-ನೀರು ಸಂರಕ್ಷಣೆಯ ಡಿಸ್ಟ್ರಿಕ್ಟ್, ಅಂದರೆ ಹೊಲದ ಮಣ್ಣು ಕೊಚ್ಚಿಹೋಗದಂತೆ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ ಮಾತ್ರ 100. ಒಂದು ಕೌಂಟಿಗೆ ಎರಡಿವೆ! ಒಂದೊಂದಕ್ಕೂ ಐದು ಜನ ಕಮಿಷನರ್‌ಗಳನ್ನು ನಾವೇ ಆರಿಸಬೇಕು. ಅವರಿಗೆ ಸಂಬಳ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ.

ಮುಚ್ಚಿಸಲು ದಾರಿ ಇಲ್ಲ ಅಂತಲ್ಲ. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಾಜ್ಯಗಳ ಗವರ್ನರ್‌ಗಳಿಗೆ ಕಳಿಸಿದ ಮಾದರಿ ಕಾನೂನಿನಲ್ಲೇ ಅದು ಇತ್ತು. ಡಿಸ್ಟ್ರಿಕ್ಟ್ ಶುರುವಾಗಿ 5 ವರ್ಷ ಆಗಿರಬೇಕು. ಅಲ್ಲಿ ಜಮೀನು ಹಿಡಿದ 25 ಜನ ಮುಚ್ಚಿ ಅಂತ ಅರ್ಜಿ ಕೊಡಬೇಕು. ರಾಜ್ಯದ ಸಮಿತಿ ಮತ ಹಾಕಿಸುತ್ತದೆ. 'ಉಳಿಯಲಿ' ಅನ್ನುವ ಮತ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಉಳಿಸುವ ಅಧಿಕಾರ ಸಮಿತಿಗೂ ಇಲ್ಲ. ಆಮೇಲೆ ಆಸ್ತಿ ಹರಾಜು, ದುಡ್ಡು ರಾಜ್ಯದ ಖಜಾನೆಗೆ. ಮುಚ್ಚಿಸಲು ಹೊರಟವರು ಸೋತರೆ ಮತ್ತೆ 5 ವರ್ಷ ಅರ್ಜಿ ಹಾಕುವಂತಿಲ್ಲ. ಒಂದೊಂದು ರಾಜ್ಯ ಇದನ್ನು ತನಗೆ ಬೇಕಾದಂತೆ ತಿದ್ದಿಕೊಂಡಿದೆ, ಅದು ಬೇರೆ ಮಾತು.

ಅಂದರೆ ಕಟ್ಟಿದವರೇ ಬಾಗಿಲು ಹಾಕುವ ಚಿಲಕವನ್ನೂ ರೈತರ ಕೈಗೆ ಕೊಟ್ಟಿದ್ದರು. ಅದೂ ಯಾವಾಗ? 1934ರ ಮೇ ತಿಂಗಳಲ್ಲಿ ಅಮೆರಿಕದ ಬಯಲುಸೀಮೆಯ ಹೊಲದ ಮಣ್ಣು ಧೂಳಾಗಿ ನ್ಯೂಯಾರ್ಕ್, ವಾಷಿಂಗ್ಟನ್ ತನಕ ಹಾರಿದ ಮೂರೇ ವರ್ಷಕ್ಕೆ! ಆ ಚಿಲಕ ಎಳೆಯೋಕೆ ಒಂದು ಗಟ್ಟಿ ಕಾರಣ ಬೇಕು, ಮಾರಾಯ್ರೇ. ಊಟದ ಮಧ್ಯೆ ಬಂದ ಜೋಕ್ ಸಾಲದು.

"ಮಣ್ಣು ಕಾಯೋಕೆ ಫೆಡರಲ್ ಇಲಾಖೆ ಇದೆಯಲ್ಲ, ಎರಡೆರಡು ಯಾಕೆ?" ಅಂದ ಜೋಕ್ ಮಾಡಿದವನು. ಸರಿ ಸಾರ್! ವಾಷಿಂಗ್ಟನ್‌ನಿಂದ ಬಂದವನು ಹೊಲದಲ್ಲಿ ಬದು ಹಾಕು ಅಂದರೆ ಕೇಳದ ರೈತ, ಪಕ್ಕದ ಹೊಲದವನು ಹೇಳಿದರೆ ಕೇಳುತ್ತಾನೆ. ಈ ಏರ್ಪಾಟಿನ ಗುಟ್ಟೇ ಅದು. ನಮ್ಮಪ್ಪ ಮುಂಗಾರಿಗೆ ಮುಂಚೆ ಪ್ರತಿ ವರ್ಷ ಬದು ಸರಿ ಮಾಡುತ್ತಿದ್ದರು. ಮಣ್ಣು ಕೊಚ್ಚಿಹೋಗದ ವರ್ಷ ಯಾರೂ ಅವರನ್ನು ಹೊಗಳಲಿಲ್ಲ.

ಇಷ್ಟೆಲ್ಲ ಕೂಗಾಡಿ ಮನೆಗೆ ಬರುವಾಗ ಕಾರಿನಲ್ಲಿ ಹೆಂಡತಿ ಕೇಳಿದಳು: "ಹೋದ ಸಲ ನೀವು ಯಾರಿಗೆ ಹಾಕಿದ್ರಿ?"

ಖಾಲಿ ಬಿಟ್ಟಿದ್ದೆ. ಅದಕ್ಕೂ ಹಿಂದಿನ ಸಲವೂ. ಆ ಜೋಕ್ ಮಾಡಿದವನು ಕಡೇಪಕ್ಷ ಆ ಸಾಲಿನ ತನಕ ಓದಿದ್ದ.