ಕ್ರೋಮಿನ್ಯಾಗ ತುಂಬ್ರಿ, ಫೈರ್‌ಫಾಕ್ಸಿನ್ಯಾಗ ಪ್ರಿಂಟ್ ತೆಗೀರಿ

ಮೊನ್ನೆ ಗಂಗಾವತಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಆನ್‌ಲೈನ್ ಸೆಂಟರ್‌ಗೆ ನಮ್ಮ ಕಾಕಾನ್ನ ಕರ್ಕೊಂಡು ಹೋಗಿದ್ದೆ, ಮುದುಕರ ಪಗಾರದ ಅರ್ಜಿ ಹಾಕಸಾಕ. ಯಾವ ಆಫೀಸು ಅಂತ ಕೇಳಬ್ಯಾಡ್ರಿ, ನಾಳೆ ಮತ್ತ ಅಲ್ಲೇ ಹೋಗಿ ನಿಲ್ಲೋದೈತಿ. ಗೋಡಿ ಮ್ಯಾಲ ಸ್ಕೆಚ್ ಪೆನ್ನಿನ್ಯಾಗ ಬರ್ದಿದ್ರು: "ತುಂಬೋದು ಕ್ರೋಮ್, ಪ್ರಿಂಟ್ ಫೈರ್‌ಫಾಕ್ಸ್, ಹೆಬ್ಬೆಟ್ಟು ಹಳೇ ಕಂಪ್ಯೂಟರ್." ಇದೇನಪ್ಪಾ ಅಂದ್ರ ಸೆಂಟರ್ ಹುಡುಗ "ಅಣ್ಣಾ, ಕ್ರೋಮಿನ್ಯಾಗ ಪ್ರಿಂಟ್ ಕೊಟ್ರ ಬಲಗಡೆ ಕಾಲಂ ಹಾರಿ ಹೊಕ್ಕೈತಿ, ಫೈರ್‌ಫಾಕ್ಸಿನ್ಯಾಗ ತುಂಬಿದ್ರ ಸಬ್ಮಿಟ್ ಬಟನ್ ದೊಡ್ಡೋರ ಫೋಟೋದ ಹಿಂದ ಹೋಗಿ ಕುಂದ್ರತೈತಿ" ಅಂದ. ದೊಡ್ಡೋರ ಹಿಂದ ಹೋಗಿ ಕುಂತ ಕೆಲ್ಸ ಮುಂದಕ್ಕ ಬಂದದ್ದು ನಾನಂತೂ ನೋಡಿಲ್ಲ.

ವೆಬ್‌ಸೈಟ್ ಅಂದ್ರ ಫೋಟೋ ಅಲ್ರಿ, ಚೀಟಿ. ಏನೇನು ಎಲ್ಲೆಲ್ಲಿ ಇಡ್ಬೇಕು ಅಂತ ಎಚ್‌ಟಿಎಂಎಲ್, ಸಿಎಸ್‌ಎಸ್ ಅನ್ನೋ ಕಂಪ್ಯೂಟರ್ ಭಾಷಾದಾಗ ಬರ್ದ ಚೀಟಿ, ಅದನ್ನ ಓದಿ ಅಡಗಿ ಮಾಡೋದು ಬ್ರೌಸರ್ ಒಳಗಿನ ಇಂಜಿನ್ನು. ಕ್ರೋಮಿಗೆ ಬ್ಲಿಂಕ್, ಫೈರ್‌ಫಾಕ್ಸಿಗೆ ಗೆಕೋ, ಸಫಾರಿಗೆ ವೆಬ್‌ಕಿಟ್. ಚೀಟಿಯೊಳಗ ಬರೇ "ಒಗ್ಗರಣಿ, ಮಿರ್ಚಿ" ಅಂತಿದ್ರ ಮಂಡಾಳ ಎಷ್ಟೊತ್ತು ನೆನಿಬೇಕು, ಪುಟಾಣಿ ಹಿಟ್ಟು ಎಷ್ಟು ಅನ್ನೋದು ಭಟ್ಟನ ಕೈಯಾಗ, ಹಂಗ ಬಟನ್ ಎಷ್ಟು ದಪ್ಪ, ಸಾಲಿನ ನಡುವ ಎಷ್ಟು ಜಾಗ ಅಂತ ಬರೀದಿದ್ರ ಒಂದೊಂದು ಇಂಜಿನ್ನು ತನ್ನ ಮನಿ ರೂಢಿ ಪ್ರಕಾರ ಬಡಸ್ತೈತಿ.

ರೂಢಿ ಒಂದಾಗ್ಲಿ ಅಂತನ 1994ರಾಗ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಡಬ್ಲ್ಯೂ3ಸಿ ಅನ್ನೋ ವೆಬ್ ನಿಯಮ ಮಾಡೋ ಸಂಸ್ಥೆ ಕಟ್ಟಿದ್ರು. ಆದ್ರೂ ಅಳತಿ ಜಗಳ ಹರೀಲಿಲ್ಲ. ಪುಟದಾಗಿನ ಡಬ್ಬಿ ಅಗಲ 300 ಪಿಕ್ಸೆಲ್ (ಪರದಿ ಮ್ಯಾಲಿನ ಚುಕ್ಕಿ) ಅಂದ್ರ ನಿಯಮದಾಗ ಅದು ಒಳಗಿನ ಜಾಗ ಅಷ್ಟ, ಬಾರ್ಡರು ಗೀರ್ಡರು ಅದರ ಮ್ಯಾಲ. ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಮಾತ್ರ ಎಲ್ಲಾ ಸೇರಿ 300 ಅಂತಿತ್ತು. 30-40 ಅಡಿ ಜಾಗದಾಗ ಮನಿ ಕಟ್ಟುವಾಗ ಗೋಡಿ ದಪ್ಪ ಒಳಗ ಹಿಡೀಬೇಕೋ ಹೊರಗ ಹಿಡೀಬೇಕೋ ಅಂತ ಗೌಂಡಿ ಒಂದು, ಮಾಲಕ ಒಂದು ಹಿಡ್ದು ಕಡೀಕ ಬಾಗ್ಲ ಹೋಗಿ ಪಕ್ಕದ ಮನಿ ಬಚ್ಚಲಕ್ಕ ತೆರದಂಗ. (ತಮಾಷಿ ಏನಂದ್ರ ಎಕ್ಸ್‌ಪ್ಲೋರರ್ ಲೆಕ್ಕನ ಸಲೀಸು ಅಂತ ಈಗ ಡಿಸೈನ್ ಮಾಡೋರು ಬಾರ್ಡರ್-ಬಾಕ್ಸ್ ಅಂತ ಬರ್ದು ಅದನ್ನ ವಾಪಸ್ ತಂದ್ಕೊಂಡಾರ.)

ಇಂಜಿನ್ನಿನ ಮ್ಯಾಲ ನಂಗ ಸಿಟ್ಟಿಲ್ಲ. ಈಗ ಅವು ಭಾಳ ಹತ್ರ ಬಂದಾವು, ಮೈಕ್ರೋಸಾಫ್ಟಿನ ಎಡ್ಜ್ ಬ್ರೌಸರ್ ಅಂತೂ 2020ರಿಂದ ಕ್ರೋಮಿನ ಅಡಗಿ ಮನಿಯಾಗ ಉಣ್ಣಾಕತ್ತೈತಿ. ಸೈಟ್ ಮಾಡ್ದವ್ರು ಎರಡು ಬ್ರೌಸರ್‌ನ್ಯಾಗ ಒಂದೊಂದ್ಸಲ ತಗದು ನೋಡಿದ್ರ ಮುಗೀತಿತ್ತು. ನೋಡೂದು ಬಿಟ್ಟು ಪುಟದ ಬುಡಕ್ಕ ಒಂದು ಸಾಲು ಹಚ್ಯಾರ: "ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ, 1024 ಬೈ 768 ರೆಸಲ್ಯೂಷನ್‌ನಲ್ಲಿ ಉತ್ತಮವಾಗಿ ವೀಕ್ಷಿಸಬಹುದು." ಆ ಎಕ್ಸ್‌ಪ್ಲೋರರ್‌ನ ಕಡೀ ಆವೃತ್ತಿಗೂ ಮೈಕ್ರೋಸಾಫ್ಟ್ ಕಂಪನಿಯವ್ರ 2022ರ ಜೂನ್ 15ಕ್ಕ ಎಳ್ಳು ನೀರು ಬಿಟ್ಟಾರ. ಎತ್ತಿನ ಗಾಡ್ಯಾಗ ಬಂದ್ರಷ್ಟ ಗೇಟ್ ತೆಗೀತೀವಿ, ಅದೂ ಎಡಕ್ಕ ಕರೇ ಎತ್ತು ಇರಬೇಕು ಅಂದಂಗಾತು. ಹೆಬ್ಬೆಟ್ಟಿನ ಮಷೀನು ಎಕ್ಸ್‌ಪ್ಲೋರರ್‌ನ್ಯಾಗಷ್ಟ ನಡಿಯೋ ಆಕ್ಟಿವ್‌ಎಕ್ಸ್ ಅನ್ನೋ ಜೋಡಣಿ ಸಾಫ್ಟ್‌ವೇರ್ ನಂಬ್ಕೊಂಡು ಕುಂತೈತಿ, ಅದಕ್ಕ ಸೆಂಟರ್‌ನವ ಮೂಲ್ಯಾಗ ಒಂದು ಹಳೇ ಕಂಪ್ಯೂಟರ್‌ಗೆ ಹೂವಿನ ಹಾರ ಹಾಕಿ ಕಾಪಾಡ್ಕೊಂಡು ಬಂದಾನ, ಇಂಟರ್ನೆಟ್ ಅಪ್ಡೇಟ್ ಬಂತಂದ್ರ ಓಡಿ ಹೋಗಿ ವೈರ್ ಕೀಳ್ತಾನಂತ.

ಕಾಕಾನ ಹುಟ್ಟಿದ ದಿನ ಜೂನ್ 1. ನಮ್ಮೂರಾಗ ಅರ್ಧ ಮಂದಿ ಹುಟ್ಟಿದ್ದ ಜೂನ್ 1ಕ್ಕ, ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರ್ ಬರ್ದದ್ದು. ಹುಡುಗ ಪಟಪಟ 01, 06 ಒತ್ತಿದ. ತಾರೀಕಿನ ಡಬ್ಬಿಯಾಗ ದಿನ ಮೊದ್ಲೋ ತಿಂಗಳು ಮೊದ್ಲೋ ಅನ್ನೋದು ಬ್ರೌಸರ್‌ನ ಭಾಷಾ ಸೆಟ್ಟಿಂಗ್ ಮ್ಯಾಲ ಹೊಕ್ಕೈತಿ, ಅವನ ಕ್ರೋಮ್ ಅಮೆರಿಕದ ಇಂಗ್ಲಿಷಿನ್ಯಾಗಿತ್ತು. ಸಬ್ಮಿಟ್ ಆಗಿ, ಫೈರ್‌ಫಾಕ್ಸಿಗೆ ಹೋಗಿ, ಪ್ರಿಂಟ್ ಬಂತು. ಕಾಲಂ ಎಲ್ಲಾ ಸರಿ ಇದ್ವು, ಕಾಕಾ ಮಾತ್ರ ಜನವರಿ 6ಕ್ಕ ಹುಟ್ಟಿದ್ದ.

"ತಿದ್ದುಪಡಿಗೆ ಬ್ಯಾರೆ ಅರ್ಜಿ ಐತ್ರಿ, ಆದ್ರ ಅದು ಮೊಬೈಲಿನ್ಯಾಗಷ್ಟ ತೆರೀತೈತಿ" ಅಂದ ಹುಡುಗ. ಕಾಕಾ ಬೆರಳು ಮಡಚಿ ಲೆಕ್ಕ ಹಾಕ್ಕೊಂತ ಕುಂತಿದ್ದ. "ತಮ್ಮಾ, ಅಂದ್ರ ನಾ ಐದು ತಿಂಗಳು ದೊಡ್ಡಾವ ಆದ್ನಿಲ್ಲೋ" ಅಂದ, "ಪಗಾರನೂ ಐದು ತಿಂಗಳು ಮೊದ್ಲ ಚಾಲೂ ಆಗ್ತೈತೇನು, ಕೇಳು."