ಹತ್ತಿಸೋದು ಸುಲಭ, ಇಳಿಸ್ಕೊಳ್ಳೋದೇ ಕಷ್ಟ

ಕರ್ನಾಟಕ ಬಿಟ್ಟು ಯೂರೋಪಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ಬೈಕ್ ಸವಾರಿಯ ಸೆಳೆತ ಮಾತ್ರ ಬಿಟ್ಟಿಲ್ಲ. ಬೇರೆ ಖಂಡಕ್ಕೆ ಬೈಕ್ ಕಳಿಸಿ ತಿಂಗಳುಗಟ್ಟಲೆ ಸುತ್ತಿ ಬಂದವನು ಎಂದು ತಿಳಿದ ಮೇಲೆ ಊರ ಕಡೆಯ ಗೆಳೆಯರು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಒಂದೇ: “ಕಳಿಸೋಕೆ ಎಷ್ಟಾಗುತ್ತೆ ಮಾರಾಯ?” ಮೊದಲ ಸಲ ನಾನೂ ಏಜೆಂಟರ ಬಳಿ ಇದನ್ನೇ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ ತಿರುಗಿ ಕೇಳುತ್ತೇನೆ: “ಆ ಕಡೆ ಇಳಿಸ್ಕೊಳ್ಳೋಕೆ ಏನೇನು ಬೇಕು ಅಂತ ವಿಚಾರಿಸಿದ್ಯಾ?”

ನನ್ನ ಬೈಕು ಮೊದಲ ಸಲ ಹಡಗಿನಲ್ಲಿ ಹೋಯಿತು. ಹೇಳಿದ ದಿನಕ್ಕೇ ಬಂದರು ಮುಟ್ಟಿತು. ಆಮೇಲೆ ಹನ್ನೊಂದು ದಿನ ಗೋದಾಮಿನಲ್ಲಿ ಕೂತಿತು. ಕಾರಣ ನನ್ನ ಹೆಸರು. ನಮ್ಮ ಹೆಸರಿನ ಮುಂದೆ ಇನಿಷಿಯಲ್ ಇರುತ್ತದಲ್ಲ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಆಗಿದೆ. ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೆ ಹಾಕಿದ ಸರಕಿನ ರಸೀದಿ, ಮಾಡಿಸಿದ ಏಜೆಂಟ್ ನನ್ನ ಮೇಲ್‌ನ ಕೊನೆಯಲ್ಲಿದ್ದ ಹಾಗೆ ಎರಡು ಅಕ್ಷರ, ಒಂದು ಹೆಸರು ಹಾಕಿದ್ದ. ಕಸ್ಟಮ್ಸ್ ಅಧಿಕಾರಿ ಎರಡೂ ಕಾಗದ ಪಕ್ಕಪಕ್ಕ ಇಟ್ಟರು. ಒಂದೊಂದು ಅಕ್ಷರದ ಮೇಲೂ ಪೆನ್ನಿನ ತುದಿ ಆಡಿಸಿದರು. “ಇವರಿಬ್ಬರೂ ಒಬ್ಬರೇ ಅನ್ನೋದಕ್ಕೆ ಏನು ಆಧಾರ?” ಎಂದರು. ಅವರದೇನೂ ತಪ್ಪಿಲ್ಲ. ಆ ಕಾಗದದಲ್ಲಿ ಯಾರ ಹೆಸರಿದೆಯೋ ಸರಕು ಅವರ ಕೈಗೇ ಹೋಗಬೇಕು. ತಿದ್ದುಪಡಿ ಬರಬೇಕಾದ್ದು ಹಡಗು ಹೊರಟ ಬಂದರಿನಿಂದ. ಅಲ್ಲಿ ಬೆಳಗಾದರೆ ಇಲ್ಲಿ ಕಚೇರಿ ಮುಚ್ಚುವ ಹೊತ್ತು, ನಡುವೆ ವಾರಾಂತ್ಯ ಬೇರೆ. ಗೋದಾಮಿನ ಕಂಬಿಗಳ ಸಂದಿಯಿಂದ ನನ್ನ ಪೆಟ್ಟಿಗೆ ಕಾಣುತ್ತಿತ್ತು. ನಾನೇ ಕಪ್ಪು ಬಣ್ಣದಲ್ಲಿ ಬರೆದ ಬಾಣದ ಗುರುತು ಕೂಡ ಕಾಣುತ್ತಿತ್ತು. ಮುಟ್ಟುವ ಹಾಗಿರಲಿಲ್ಲ. ದಿನದ ಬಾಡಿಗೆ ಮಾತ್ರ ಏರುತ್ತಲೇ ಇತ್ತು. ಕೊನೆಗೆ ಗೋದಾಮಿಗೆ ಕಟ್ಟಿದ್ದು ಹಡಗಿಗೆ ಕೊಟ್ಟ ಬಾಡಿಗೆಗಿಂತ ಹೆಚ್ಚು.

ಆದ್ದರಿಂದ ಹೊರಡುವ ಮೊದಲು ಪಾಸ್‌ಪೋರ್ಟ್, ಆರ್‌ಸಿ, ಬಿಲ್ ಆಫ್ ಲೇಡಿಂಗ್, ಕಾರ್ನೆ (ಸುಂಕ ಕಟ್ಟದೆ ಗಾಡಿಯನ್ನು ಸ್ವಲ್ಪ ಕಾಲ ಬೇರೆ ದೇಶದೊಳಗೆ ಒಯ್ಯಲು ಬೇಕಾದ ಪುಸ್ತಕ), ಈ ನಾಲ್ಕರಲ್ಲೂ ಹೆಸರು ಅಕ್ಷರ ಬಿಡದೆ ಒಂದೇ ಇರಬೇಕು. ಚಾಸಿ ನಂಬರ್ ಕೂಡ ಹಾಗೇ, ಗಾಡಿಯ ಮೇಲೆ ಕೊರೆದದ್ದನ್ನು ನೋಡಿಯೇ ಬರೆಸಿ. ಸೊನ್ನೆ ಬರೆಯುವಲ್ಲಿ ಓ ಅಕ್ಷರ ಬಿದ್ದರೂ ಅಷ್ಟೇ ಪಾಡು.

ಹಡಗಿನ ಬಾಡಿಗೆ ಅಗ್ಗ ಎನ್ನುವುದು ಸುಳ್ಳಲ್ಲ. ಬೇರೆಯವರ ಸರಕಿನ ಜೊತೆ ಕಂಟೇನರ್ ಹಂಚಿಕೊಂಡು ಕಳಿಸಿದರೆ ಘನ ಮೀಟರಿಗೆ ಇಷ್ಟು, ಇಲ್ಲವೇ ಟನ್ನಿಗೆ ಇಷ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಬೈಕು ಜಾಗ ತಿನ್ನುತ್ತದೆ, ತೂಗುವುದಿಲ್ಲ. ಹಾಗಾಗಿ ಘನ ಮೀಟರಿನ ಲೆಕ್ಕವೇ ಬೀಳುತ್ತದೆ, ಮೊತ್ತ ನೋಡಿದರೆ ಖುಷಿಯೂ ಆಗುತ್ತದೆ. ಆದರೆ ಆ ಮೊತ್ತ ಬಂದರಿನಿಂದ ಬಂದರಿಗೆ ಮಾತ್ರ. ಆಚೆ ದಡದಲ್ಲಿ ಟರ್ಮಿನಲ್ಲಿನವರದು ಒಂದು, ಕಂಟೇನರ್ ಬಿಚ್ಚಿ ಸರಕು ಬೇರ್ಪಡಿಸಿದ್ದಕ್ಕೆ ಒಂದು, ಸರಕು ಬಿಟ್ಟುಕೊಡಿ ಎಂಬ ಚೀಟಿಗೆ (ಡೆಲಿವರಿ ಆರ್ಡರ್) ಒಂದು, ಗೋದಾಮಿಗೆ ಒಂದು, ಕ್ಲಿಯರಿಂಗ್ ಏಜೆಂಟಿಗೆ ಒಂದು. ಎಲ್ಲಕ್ಕೂ ಕನಿಷ್ಠ ದರ ಇರುತ್ತದೆ. ನೂರು ಪೆಟ್ಟಿಗೆ ತರಿಸುವ ವ್ಯಾಪಾರಿಗೂ ಅಷ್ಟೇ ಕಾಗದ, ಒಂದೇ ಒಂದು ಬೈಕ್ ತರಿಸಿದ ನಮಗೂ ಅಷ್ಟೇ ಕಾಗದ. ಅವನಿಗೆ ಅದು ನೂರು ಕಡೆ ಹಂಚಿಹೋಗುತ್ತದೆ, ನಮಗೆ ಒಂದರ ಮೇಲೇ ಬೀಳುತ್ತದೆ. ಹಡಗಿನ ದಿನಾಂಕವನ್ನಂತೂ ನಂಬುವಂತಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಏಷ್ಯಾ–ಯೂರೋಪ್ ನಡುವಿನ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಗುಡ್ ಹೋಪ್ ಭೂಶಿರ ಸುತ್ತಿ ಬರತೊಡಗಿದವು. ಹತ್ತು ದಿನಕ್ಕೂ ಮಿಗಿಲಾದ ಸುತ್ತು ಅದು. ನಿಮ್ಮ ರಜೆ, ನಿಮ್ಮ ವೀಸಾ ಅದಕ್ಕೆ ಕಾಯುವುದಿಲ್ಲ.

ಎರಡನೇ ಸಲದಿಂದ ನಾನು ವಿಮಾನಕ್ಕೆ ತಿರುಗಿದೆ. ಒಂಟಿ ಬೈಕಿಗೆ ಅದೇ ಸರಿ ಎಂದು ಇವತ್ತಿಗೂ ಖಚಿತವಾಗಿ ಹೇಳುತ್ತೇನೆ. ಇಲ್ಲಿ ಗೆಲ್ಲುವುದು, ಸೋಲುವುದು ಎಲ್ಲ ಪೆಟ್ಟಿಗೆಯ ಅಳತೆಯಲ್ಲಿ. ಏರ್ ಕಾರ್ಗೋದವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬರುವ ಕೆಜಿ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ಬೈಕನ್ನು ಇದ್ದ ಹಾಗೇ ಇಟ್ಟು 220, 100, 120ರ ಪೆಟ್ಟಿಗೆ ಹೊಡೆಸಿದರೆ ಲೆಕ್ಕ 440 ಕೆಜಿ ಆಗುತ್ತದೆ. ಬೈಕು 200 ಕೆಜಿ ಇದ್ದರೂ ಅಷ್ಟೇ. ನಾನು ಅರ್ಧ ದಿನ ಸ್ಪ್ಯಾನರ್ ಹಿಡಿದು ಕೂತೆ. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಒರಗಿಸಿದೆ. ಕನ್ನಡಿ, ಗಾಳಿತಡೆ ಗಾಜು ತೆಗೆದೆ. ಹ್ಯಾಂಡಲ್ ಸಡಿಲಿಸಿ ಟ್ಯಾಂಕಿನ ಮೇಲೆ ಮಲಗಿಸಿ, ಕೆಳಗೆ ಹಳೇ ಕಂಬಳಿ ಮಡಚಿಟ್ಟೆ. ಫೋರ್ಕಿನ ತುದಿಗೆ ಆಕ್ಸಲ್ ಮತ್ತೆ ತೂರಿಸಿ ಮರದ ದಿಮ್ಮಿಗೆ ಬಿಗಿದೆ. ಪೆಟ್ಟಿಗೆ 190, 80, 110ಕ್ಕೆ ಇಳಿಯಿತು. ಲೆಕ್ಕ 279 ಕೆಜಿ. ಅಂದರೆ 161 ಕೆಜಿ ಬರೀ ಗಾಳಿಯ ದುಡ್ಡು ಉಳಿಯಿತು.

ಪಟ್ಟಿ ಬಿಗಿಯುವಾಗ ಒಂದು ಎಚ್ಚರ. ಚಕ್ರ ಬಿಚ್ಚದೆ ಕಳಿಸುವವರು ರ‍್ಯಾಚೆಟ್ ಎಳೆಯುತ್ತಾ ಹೋಗಿ ಫೋರ್ಕನ್ನು ತಳಕ್ಕೆ ಕೂರಿಸಿಬಿಡುತ್ತಾರೆ. ವಾರಗಟ್ಟಲೆ ಹಾಗೆ ಒತ್ತಡದಲ್ಲಿದ್ದರೆ ಸೀಲ್ ಕಿತ್ತು ಎಣ್ಣೆ ಸೋರಬಹುದು. ಅರ್ಧದಷ್ಟು ಕುಗ್ಗಿದರೆ ಸಾಕು, ಗಾಡಿ ಅಲ್ಲಾಡುವುದಿಲ್ಲ.

ವಿಮಾನಕ್ಕೆ ಬೈಕು ಅಪಾಯಕಾರಿ ಸರಕು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ಸಂಖ್ಯೆ ಯುಎನ್ 3166. ಟ್ಯಾಂಕಿನ ಪೆಟ್ರೋಲ್ ಆದಷ್ಟೂ ತೆಗೆದಿರಬೇಕು, ಉಳಿದರೂ ಕಾಲು ಭಾಗ ದಾಟಬಾರದು. ಬ್ಯಾಟರಿಯ ತಂತಿ ಕಳಚಿ ತುದಿಗೆ ಟೇಪ್ ಸುತ್ತಿರಬೇಕು. ಪೆಟ್ಟಿಗೆಯ ಮರವೂ ಯಾವುದೋ ಹಲಗೆ ಆಗಬಾರದು. ಹುಳ ಸಾಯುವಂತೆ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಗೋಧಿ ತೆನೆಯ ಚಿತ್ರವಿರುವ ಐಪಿಪಿಸಿ (ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ) ಮುದ್ರೆ ಅದರ ಮೇಲಿರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವುದಾದರೆ ಟೈರಿನ ಗೀರಿನಲ್ಲಿ, ರೇಡಿಯೇಟರಿನ ಸಂದಿಯಲ್ಲಿ ಮಣ್ಣಿನ ಕಣವೂ ಉಳಿಯುವಂತಿಲ್ಲ. ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯುವ ಕೆಲಸ ಅದು.

ಹಡಗೇ ಬೇಡ ಎನ್ನುತ್ತಿಲ್ಲ. ನಾಲ್ಕೈದು ಮಂದಿ ಒಟ್ಟಿಗೆ ಹೊರಟರೆ 20 ಅಡಿಯ ಕಂಟೇನರ್ ಪೂರ್ತಿ ಹಿಡಿಯಬಹುದು. ಒಳಗೆ ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ, ಪೆಟ್ಟಿಗೆಯ ಗೊಡವೆಯೂ ಇಲ್ಲ. ಒಬ್ಬನ ಕಾಗದ ನಿಂತರೆ ಎಲ್ಲರ ಗಾಡಿಯೂ ಒಳಗೇ ನಿಲ್ಲುತ್ತದೆ ಎನ್ನುವುದನ್ನು ಒಪ್ಪಿಕೊಂಡೇ ಸೇರಬೇಕು. ರೋ-ರೋ ಹಡಗು, ಅಂದರೆ ಗಾಡಿಯನ್ನು ಓಡಿಸಿಕೊಂಡೇ ಹತ್ತಿಸುವಂಥದ್ದು, ಕಾರು, ವ್ಯಾನಿಗೆ ಸರಿ. ಬೈಕಿಗೆ ನಾನು ಹೇಳುವುದಿಲ್ಲ. ಕೀಲಿ ಇನ್ನೊಬ್ಬರ ಕೈಯಲ್ಲಿರುತ್ತದೆ, ಬೈಕಿಗೆ ಬಾಗಿಲೂ ಇಲ್ಲ ಬೀಗವೂ ಇಲ್ಲ.

ಇನ್ನು ಗಾಡಿ ಹಾಳಾದರೆ ಏನು ಗತಿ? ಈ ವಿಷಯದಲ್ಲೂ ಎರಡು ದಾರಿಗೂ ಅಜಗಜಾಂತರ. ವಿಮಾನದ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರ ಮಿತಿ ಈಗ ಕೆಜಿಗೆ 26 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಐಎಂಎಫ್‌ನ ಲೆಕ್ಕದ ಹಣ. ಹಡಗಿಗೆ ಹೇಗ್-ವಿಸ್ಬಿ ಎಂಬ ಅಂತರರಾಷ್ಟ್ರೀಯ ನಿಯಮ ನಡೆಯುವ ಕಡೆ ಒಂದು ಪೆಟ್ಟಿಗೆಗೆ 666.67 ಎಸ್‌ಡಿಆರ್, ಇಲ್ಲವೇ ಕೆಜಿಗೆ 2, ಯಾವುದು ಹೆಚ್ಚೋ ಅದು. 250 ಕೆಜಿಯ ಪೆಟ್ಟಿಗೆಗೆ ವಿಮಾನದವರ ಹೊಣೆ 6,500ರವರೆಗೆ ಏರಬಹುದು, ಹಡಗಿನವರದು 667ಕ್ಕೆ ಮುಗಿಯಿತು. ಸ್ವಂತ ವಿಮೆ ಇಲ್ಲದೆ ಹಡಗಿಗೆ ಹಾಕಲೇಬೇಡಿ. ಹಡಗಿನಲ್ಲಿ ಜನರಲ್ ಆವರೇಜ್ ಎಂಬ ಹಳೆಯ ಪದ್ಧತಿಯೂ ಇದೆ. ಹಡಗನ್ನು ಆಪತ್ತಿನಿಂದ ಪಾರು ಮಾಡಲು ತಗಲಿದ ಖರ್ಚನ್ನು ಅದರಲ್ಲಿ ಸರಕಿಟ್ಟ ಎಲ್ಲರೂ ಹಂಚಿಕೊಳ್ಳಬೇಕು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಕಂಟೇನರ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಿತಲ್ಲ, ಆಮೇಲೆ ಅದರ ಮಾಲೀಕರು ಇದನ್ನೇ ಘೋಷಿಸಿದರು. ಅಂಥ ಹೊತ್ತಿನಲ್ಲಿ ವಿಮೆ ಇದ್ದರೆ ವಿಮೆಯವರು ಖಾತರಿ ಕೊಟ್ಟು ಬಿಡಿಸುತ್ತಾರೆ. ಇಲ್ಲದಿದ್ದರೆ ಠೇವಣಿ ಕಟ್ಟುವವರೆಗೆ ನಿಮ್ಮ ಬೈಕು ಅವರ ವಶ.

ಕಾರ್ನೆಯ ಮಾತು ಕೊನೆಗೆ ಉಳಿಸಿಕೊಂಡೆ, ನನಗೆ ನಿಜವಾಗಿ ಹೇಳಬೇಕಾದ್ದು ಅದರಲ್ಲೇ ಇದೆ. ಗಾಡಿಯ ಪಾಸ್‌ಪೋರ್ಟ್ ಎನ್ನುತ್ತೇವಲ್ಲ, ಅದು. ಒಂದು ವರ್ಷದ ಆಯುಸ್ಸು. ಒಂದೊಂದು ಪುಟವೂ ಮೂರು ತುಂಡು. ದೇಶದೊಳಗೆ ಬರುವಾಗ ಒಂದು ಚೀಟಿ ಹರಿದುಕೊಳ್ಳುತ್ತಾರೆ, ಹೊರಡುವಾಗ ಇನ್ನೊಂದು, ಎರಡು ಮುದ್ರೆ ಬಿದ್ದ ಮೂರನೆಯ ತುಂಡು ನಮ್ಮ ಪುಸ್ತಕದಲ್ಲಿ ಉಳಿಯುತ್ತದೆ. ಜರ್ಮನಿಯಲ್ಲಿ ಎಡಿಎಸಿ ಎಂಬ ವಾಹನ ಸವಾರರ ಸಂಘ ಕೊಡುತ್ತದೆ, ಭಾರತದಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ. ಸುಮ್ಮನೆ ಕೊಡುವುದಿಲ್ಲ, ಠೇವಣಿ ಇಲ್ಲವೇ ಬ್ಯಾಂಕ್ ಗ್ಯಾರಂಟಿ ಇಡಬೇಕು. ಗಾಡಿಯನ್ನು ಹೋದ ದೇಶದಲ್ಲೇ ಮಾರಿಬಿಟ್ಟರೆ ಅಲ್ಲಿಯ ಸುಂಕ ಆ ದುಡ್ಡಿನಿಂದ ಹೋಗುತ್ತದೆ. ಹೊರಡುವ ಮುದ್ರೆ ಬೀಳದೆ ಬಂದರೂ ಅದೇ ಕಥೆ. ಒಮ್ಮೆ ಗಡಿ ದಾಟಿ ನಲವತ್ತು ಕಿಲೋಮೀಟರ್ ಬಂದ ಮೇಲೆ ಪುಟ ತೆರೆದು ನೋಡಿದೆ. ಚೀಟಿ ಹರಿದಿದ್ದರು, ನನ್ನ ತುಂಡಿನ ಮೇಲೆ ಮುದ್ರೆ ಇರಲಿಲ್ಲ. ಸುರಿಯುವ ಮಳೆಯಲ್ಲಿ ವಾಪಸ್ ಹೋದೆ. ಅಧಿಕಾರಿ ಡ್ರಾಯರ್ ಎಳೆದು, ಮುದ್ರೆಗೆ ಬಾಯಿಂದ ಆವಿ ಊದಿ ಒತ್ತಿ ಕೊಟ್ಟರು. ಎರಡು ನಿಮಿಷದ ಕೆಲಸ. ಮನೆ ಸೇರಿದ ಮೇಲೆ ನೋಡಿದ್ದರೆ, ಗಾಡಿ ವಾಪಸ್ ಬಂದಿದೆ ಎಂದು ಇಲ್ಲಿಯ ಕಸ್ಟಮ್ಸಿನಿಂದ ಬರೆಸಿಕೊಂಡು ತಿಂಗಳುಗಟ್ಟಲೆ ಪತ್ರ ವ್ಯವಹಾರ ಮಾಡಬೇಕಿತ್ತು.

ಭಾರತ, ಪಾಕಿಸ್ತಾನ, ಇರಾನ್, ಈಜಿಪ್ಟ್, ಜಪಾನ್ ಕಾರ್ನೆ ಕೇಳುತ್ತವೆ. ದಕ್ಷಿಣ ಅಮೆರಿಕದಲ್ಲಿ ಕೇಳುವುದಿಲ್ಲ. ಪನಾಮ ಮತ್ತು ಕೊಲಂಬಿಯಾ ನಡುವೆ ಡೇರಿಯನ್ ಕಾಡಿನ ನೂರು ಕಿಲೋಮೀಟರಿನಷ್ಟು ಜಾಗದಲ್ಲಿ ರಸ್ತೆಯೇ ಇಲ್ಲ. ಹಾಗಾಗಿ ಪನಾಮದಿಂದ ಕೊಲಂಬಿಯಾದ ಬೊಗೊಟಾಗೆ ಬೈಕುಗಳು ವಿಮಾನದಲ್ಲಿ ಬರುತ್ತವೆ, ಎಷ್ಟೋ ಸಲ ಪೆಟ್ಟಿಗೆಯಿಲ್ಲದೆ ಪ್ಯಾಲೆಟ್ಟಿಗೆ ಬಿಗಿದು. ಇಳಿದ ಮೇಲೆ ಪಾಸ್‌ಪೋರ್ಟ್, ಆರ್‌ಸಿ ತೋರಿಸಿ ಚಾಸಿ ನಂಬರ್ ನೋಡಿಸಿದರೆ ತಾತ್ಕಾಲಿಕ ಆಮದಿನ ಪರವಾನಗಿ ಕೊಡುತ್ತಾರೆ. ಠೇವಣಿ ಇಲ್ಲ. ಗಾಡಿಯ ನಂಬರ್ ಸವಾರನ ಪಾಸ್‌ಪೋರ್ಟಿನ ಜೊತೆ ಕಂಪ್ಯೂಟರಿನಲ್ಲಿ ಕೂರುತ್ತದೆ. ಯೂರೋಪಿಯನ್ ಒಕ್ಕೂಟವೂ ಹೊರಗಿನ ಪ್ರವಾಸಿಯ ಗಾಡಿಗೆ 6 ತಿಂಗಳು ಕಾರ್ನೆ ಇಲ್ಲದೆಯೇ ಅವಕಾಶ ಕೊಡುತ್ತದೆ. (ನನ್ನಂತೆ ಇಲ್ಲೇ ನೆಲೆಸಿದವರು ಭಾರತದ ನಂಬರಿನ ಸ್ವಂತ ಗಾಡಿಯನ್ನು ಈ ಸವಲತ್ತಿನಲ್ಲಿ ತರಿಸಿಕೊಳ್ಳುವಂತಿಲ್ಲ, ಅದು ಹೊರಗಿನ ನಿವಾಸಿಗಳಿಗೆ ಮಾತ್ರ. ಹೊರನಾಡಿನವರು ಇಲ್ಲೇ ಮೋಸಹೋಗುವುದು.)

ಎರಡೂ ರೀತಿಯಲ್ಲಿ ಓಡಿಸಿದವನಾಗಿ ಹೇಳುತ್ತೇನೆ: ಭಾರತವೂ ಪರವಾನಗಿಯ ದಾರಿ ಹಿಡಿಯಬೇಕು. ಸುಂಕ ಹೆಚ್ಚಿರುವ ದೇಶಕ್ಕೆ ಗಾಡಿ ಮಾರಾಟವಾದೀತೆಂಬ ಅಂಜಿಕೆ ಇರುವುದು ನ್ಯಾಯವೇ. ಆದರೆ ಸವಾರನ ಪಾಸ್‌ಪೋರ್ಟಿಗೆ ಗಾಡಿಯನ್ನು ಗಂಟು ಹಾಕಿದ ಮೇಲೆ ಅವನೊಬ್ಬನೇ ವಿಮಾನ ಹತ್ತಲು ಬಂದರೆ ಇಮಿಗ್ರೇಷನ್ನಿನಲ್ಲೇ ತಡೆಯಬಹುದು. ಠೇವಣಿ ಎನ್ನುವುದು ದುಡ್ಡಿದ್ದವನಿಗೆ ತಟ್ಟುವುದೇ ಇಲ್ಲ. ಹಳೇ ಬೈಕಿನಲ್ಲಿ ಲೋಕ ನೋಡಲು ಹೊರಟ ವಿದ್ಯಾರ್ಥಿಗೆ, ನಿವೃತ್ತ ಮೇಷ್ಟ್ರಿಗೆ ಅದೇ ದೊಡ್ಡ ಗೋಡೆ.

ಹಾಗೆ ಮಾಡಿದರೆ ನಡೆಯುತ್ತದೆಯೇ ಎಂದು ಕೇಳುವವರು ಭಾರತ–ನೇಪಾಳದ ಸೋನೌಲಿ ಗಡಿಗೆ ಹೋಗಿ ನೋಡಲಿ. ನಮ್ಮ ನಂಬರಿನ ಬೈಕುಗಳಿಗೆ ನೇಪಾಳದ ಕಸ್ಟಮ್ಸ್ ಇಷ್ಟು ದಿನಕ್ಕೆ ಇಷ್ಟು ಎಂದು ಭನ್ಸಾರ್ ಚೀಟಿ ಬರೆದುಕೊಟ್ಟು ಒಳಗೆ ಬಿಡುತ್ತದೆ, ಚೀಟಿಯ ದಿನ ಮುಗಿಯುವುದರೊಳಗೆ ಅವು ವಾಪಸ್ ಬರುತ್ತವೆ. ಹಿಂದೆಯೇ ನಿಂತ ಜರ್ಮನ್ ನಂಬರಿನವನು ಪ್ಲಾಸ್ಟಿಕ್ ಚೀಲದಿಂದ ಕಾರ್ನೆ ತೆಗೆದು, ಮುದ್ರೆ ಸರಿಯಾಗಿ ಬಿತ್ತೇ ಎಂದು ಬಗ್ಗಿ ನೋಡುತ್ತಿರುತ್ತಾನೆ. ಎರಡೂ ಬೈಕು ದಾಟುವುದು ಅದೇ ಗೇಟನ್ನು.